ಕೋಳಿ ಬೆಳೆಸೋದು ಇಂಜೆಕ್ಷನ್ನೋ, ಚೀಲದೊಳಗಿನ ಒಂದು ಲೋಟ ಪುಡಿಯೋ?

ಇವತ್ತು ಬ್ರಾಯ್ಲರ್ ಕೋಳಿ ಬಗ್ಗೆ ಮಾತಾಡೋಣ. ನಾನು ಓದಿದ್ದು ಪಶುವೈದ್ಯಕೀಯ. ಆಮೇಲೆ ಹೊಟ್ಟೆಪಾಡಿಗೆ ಹಿಡಿದ ಕೆಲಸ ಕೋಳಿ ಆಹಾರದ ಲೆಕ್ಕ ಹಾಕೋದು. ಮೆಕ್ಕೆಜೋಳ ಎಷ್ಟು, ಸೋಯಾ ಹಿಂಡಿ ಎಷ್ಟು, ಎಣ್ಣೆ ಎಷ್ಟು, ಯಾವ ಪುಡಿ ಎಷ್ಟು ಗ್ರಾಂ ಅಂತ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೂಡಿ ಕಳೆಯೋ ಕೆಲಸ. ಮದುವೆ ಮನೆಯಲ್ಲಿ ಯಾರಾದ್ರೂ ‘ಏನ್ ಕೆಲ್ಸ ಮಾಡ್ತೀರಾ’ ಅಂತ ಕೇಳಿ, ನಾನು ಇದನ್ನ ಹೇಳಿದ್ರೆ, ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: ‘ಹೌದಾ! ಹಾಗಾದ್ರೆ ನಿಜ ಹೇಳ್ಬಿಡಿ, ಆ ಕೋಳಿಗೆ ಯಾವ ಇಂಜೆಕ್ಷನ್ ಕೊಡ್ತೀರಾ?’

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ನನ್ನ ಸಂಬಳ ಬರೋದು ಇದೇ ವ್ಯವಹಾರದಿಂದ. ಹಾಗಾಗಿ ನಾನು ಹೇಳೋದನ್ನೆಲ್ಲ ನೀವು ಒಂದು ಕಣ್ಣು ಚಿಕ್ಕದು ಮಾಡ್ಕೊಂಡೇ ಕೇಳಿ. ಆದ್ರೆ ಪೂರ್ತಿ ಕೇಳಿ.

ಮೊದಲು ಇಂಜೆಕ್ಷನ್ ವಿಷಯ. ಮೊಟ್ಟೆಯೊಡೆದು ಹೊರಬಂದ ಬ್ರಾಯ್ಲರ್ ಮರಿಯ ತೂಕ ಸುಮಾರು 40 ಗ್ರಾಂ. ಒಂದು ವಾರ ಕಳೆಯೋ ಹೊತ್ತಿಗೆ ನಾಲ್ಕು ಪಟ್ಟು. ಐದಾರು ವಾರಕ್ಕೆ ಎರಡು, ಎರಡೂವರೆ ಕಿಲೋ. ಹಿತ್ತಲಲ್ಲಿ ನಾಟಿ ಕೋಳಿ ಸಾಕಿದ ಅಜ್ಜಿಗೆ ಇದು ಮಾಟದ ಹಾಗೆ ಕಾಣೋದು ಸಹಜ. ಏನೋ ಚುಚ್ಚಿದ್ದಾರೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಬಂದ್ರೆ ನಂಬೋದೂ ಸಹಜ.

ಈ ಗುಮಾನಿಗೆ ಬುಡವೇ ಇಲ್ಲ ಅಂತ ನಾನು ಹೇಳಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಡಿಇಎಸ್ ಅನ್ನೋ ಕೃತಕ ಈಸ್ಟ್ರೊಜೆನ್‌ನ ಗುಳಿಗೆಯನ್ನ ಕೋಳಿಯ ಕತ್ತಿನ ಚರ್ಮದಡಿ ಇಡ್ತಿದ್ರು. ಕೋಳಿಗೆ ಕೊಬ್ಬು ತುಂಬಲಿ ಅಂತ. 1959ರಲ್ಲಿ ಅದನ್ನ ನಿಲ್ಲಿಸಿದ್ರು. ಹಳೇ ಕಥೆ ಅದು. ಇವತ್ತು ಜನ ಹೇಳೋದು ‘ಬೆಳವಣಿಗೆ ಹಾರ್ಮೋನ್’ ಬಗ್ಗೆ. ಕೋಳಿಯ ಬೆಳವಣಿಗೆ ಹಾರ್ಮೋನ್ ಅಂದ್ರೆ ಏನು ಗೊತ್ತಾ? ಅದೂ ಒಂದು ಪ್ರೊಟೀನ್. 191 ಅಮೈನೊ ಆಮ್ಲಗಳನ್ನ ಒಂದರ ಹಿಂದೆ ಒಂದು ಪೋಣಿಸಿದ ಸರ. ಅದನ್ನ ಮೇವಲ್ಲಿ ಬೆರೆಸಿ ಕೊಟ್ರೆ ಹೊಟ್ಟೆ ಅದನ್ನ ಬೇಳೆಯನ್ನ ಅರಗಿಸಿದ ಹಾಗೆ ಅರಗಿಸಿಬಿಡುತ್ತೆ. ಚುಚ್ಚೇ ಕೊಡ್ತೀನಿ ಅಂದ್ರೆ ಐದು ಸಾವಿರ ಕೋಳಿಯನ್ನ ಮತ್ತೆ ಮತ್ತೆ ಒಂದೊಂದಾಗಿ ಹಿಡೀಬೇಕು. ಕೋಳಿ ಹಿಡಿದು ಗೊತ್ತಿರೋರು ಈ ಮಾತಿಗೆ ನಕ್ಕುಬಿಡ್ತಾರೆ. ಕಿಲೋಗೆ ಇಷ್ಟೇ ರೂಪಾಯಿ ಉಳಿಯೋ ವ್ಯಾಪಾರದಲ್ಲಿ ಆ ಖರ್ಚು ಯಾರೂ ಹಾಕಲ್ಲ.

ಹಾಗಾದ್ರೆ ಇಷ್ಟು ಬೇಗ ಬೆಳೆಯೋದು ಹೇಗೆ? ಇದಕ್ಕೆ ಉತ್ತರ ಕೊಟ್ಟ ಒಂದು ಪ್ರಯೋಗ ನನಗೆ ತುಂಬ ಇಷ್ಟ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಹ್ಯಾವನ್‌ಸ್ಟೀನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ್ದು. 1957ರ ಕಾಲದ ಕೋಳಿ ತಳಿಯೊಂದನ್ನ ಬದಲಾವಣೆ ಇಲ್ಲದೆ ಕಾಪಾಡಿಕೊಂಡು ಬಂದಿದ್ರು. ಅದನ್ನೂ 2001ರ ಬ್ರಾಯ್ಲರ್ ತಳಿಯನ್ನೂ ಒಟ್ಟಿಗೆ ಸಾಕಿದ್ರು. ಎರಡಕ್ಕೂ 1957ರ ಮಾದರಿಯ ಮೇವು, 2001ರ ಮಾದರಿಯ ಮೇವು, ಎರಡೂ ಕೊಟ್ಟು ನೋಡಿದ್ರು. 42 ದಿನಕ್ಕೆ ಹಳೇ ಕೋಳಿ ಹಳೇ ಮೇವಲ್ಲಿ 539 ಗ್ರಾಂ. ಹೊಸ ಕೋಳಿ ಹೊಸ ಮೇವಲ್ಲಿ 2,672 ಗ್ರಾಂ. ಈ ವ್ಯತ್ಯಾಸದಲ್ಲಿ 85ರಿಂದ 90 ಪಾಲು ತಳಿಯಿಂದ ಬಂದದ್ದು, ಉಳಿದ 10ರಿಂದ 15 ಪಾಲು ಮೇವಿನಿಂದ ಅಂತ ಅವರ ಲೆಕ್ಕ. ಅಂದ್ರೆ ದಶಕಗಳ ಕಾಲ ಪ್ರತಿ ಪೀಳಿಗೆಯಲ್ಲೂ ಚೆನ್ನಾಗಿ ಬೆಳೆದ ಹುಂಜ, ಹೇಂಟೆಗಳನ್ನೇ ಆರಿಸಿ ಮರಿ ಮಾಡಿಸಿದ್ದರ ಫಲ ಇದು. ನಿಮ್ಮನೆ ನಾಟಿ ಕೋಳಿಗೆ ಬ್ರಾಯ್ಲರ್ ಫೀಡ್ ಹಾಕಿದ್ರೆ ಅದು ಬ್ರಾಯ್ಲರ್ ಆಗಲ್ಲ.

ಆ 10–15 ಪಾಲು ಇದೆಯಲ್ಲ, ನಾನು ಬದುಕಿರೋದು ಅದರ ಮೇಲೆ. ಕಡಿಮೆ ಅನಿಸಬಹುದು. ಆದ್ರೆ ಫಾರಂ ಮಾಡೋ ರೈತ ಲಾಭದಲ್ಲಿ ಇರ್ತಾನೋ ಸಾಲದಲ್ಲಿ ಇರ್ತಾನೋ ಅನ್ನೋದು ಅಲ್ಲೇ ತೀರ್ಮಾನ ಆಗೋದು. ತಳಿ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ. ಚೀಲದೊಳಗೆ ಏನಿದೆ ಅನ್ನೋದು ಮಾತ್ರ ಬೇರೆಬೇರೆ.

ಈಗ ಅಮೈನೊ ಆಮ್ಲ. ಜಿಮ್‌ಗೆ ಹೋಗೋರಿಗೆ ಈ ಪದ ಹೊಸದಲ್ಲ, ಡಬ್ಬಿ ಮೇಲೆ ಲ್ಯೂಸಿನ್, ವ್ಯಾಲಿನ್ ಅಂತ ಓದಿರ್ತೀರಿ. ಉಳಿದವರಿಗೆ ಒಂದು ಹೋಲಿಕೆ ಹೇಳ್ತೀನಿ. ಮಾರ್ಕೆಟ್‌ನಲ್ಲಿ ಹೂ ಕಟ್ಟೋರನ್ನ ನೋಡಿದ್ದೀರಲ್ಲ? ಎರಡು ಮಲ್ಲಿಗೆ, ಒಂದು ಕನಕಾಂಬರ, ಒಂದು ಎಳೆ ಮರುಗ, ಮತ್ತೆ ಎರಡು ಮಲ್ಲಿಗೆ. ಬಂದ ಆರ್ಡರ್ ಇದೇ ವರಸೆಯಲ್ಲಿ ಕಟ್ಟಬೇಕು ಅಂತ ಇಟ್ಕೊಳ್ಳಿ, ಒಂದು ಹೂವೂ ಆಚೀಚೆ ಆಗೋ ಹಾಗಿಲ್ಲ. ಬುಟ್ಟಿ ತುಂಬ ಮಲ್ಲಿಗೆ ಇದೆ, ಕನಕಾಂಬರ ಮುಗಿದುಹೋಯ್ತು. ಏನಾಗುತ್ತೆ? ದಾರ ಅಲ್ಲಿಗೆ ನಿಲ್ಲುತ್ತೆ. ಉಳಿದ ಮಲ್ಲಿಗೆ ಎಷ್ಟೇ ಘಮಘಮ ಅಂದ್ರೂ ಒಂದು ಮೊಳ ಜಾಸ್ತಿ ಆಗಲ್ಲ. ಸಂಜೆಗೆ ಬಾಡುತ್ತೆ, ಎಸೀಬೇಕು.

ಕೋಳಿ ಮೈಯಲ್ಲಿ ಮಾಂಸ ಕಟ್ಟೋದು ಹೀಗೇ. ಇಪ್ಪತ್ತು ಬಗೆಯ ಹೂವು, ಅವೇ ಅಮೈನೊ ಆಮ್ಲಗಳು. ಯಾವುದರ ಪಕ್ಕ ಯಾವುದು ಅಂತ ಜೀನ್‌ನಲ್ಲಿ ಬರೆದಿರುತ್ತೆ. ಕೆಲವನ್ನ ಕೋಳಿ ತಾನೇ ತಯಾರಿಸ್ಕೊಳ್ಳುತ್ತೆ. ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫಾನ್ ತರದವು ಮೇವಲ್ಲೇ ಬರಬೇಕು. ಒಂದು ಖಾಲಿಯಾದ್ರೆ ಸರ ಅಲ್ಲಿಗೆ ನಿಂತಂತೆ. ಕೊಬ್ಬನ್ನ ಕೂಡಿಡೋ ಹಾಗೆ ಅಮೈನೊ ಆಮ್ಲವನ್ನ ಕೂಡಿಡೋಕೆ ಮೈಯಲ್ಲಿ ಜಾಗ ಇಲ್ಲ. ಮಿಕ್ಕಿದ್ದು ಸುಟ್ಟುಹೋಗಬೇಕು, ಇಲ್ಲ ಹೊರಗೆ ಹೋಗಬೇಕು. ‘ಕೋಳಿಗೆ ಪ್ರೊಟೀನ್ ಬೇಕು’ ಅನ್ನೋದು ‘ಮಾಲೆಗೆ ಹೂ ಬೇಕು’ ಅಂದ ಹಾಗೆ. ಸುಳ್ಳಲ್ಲ, ಆದ್ರೆ ಕಟ್ಟೋರಿಗೆ ಅಷ್ಟು ಸಾಲದು.

ಇದನ್ನ ಪ್ರಯೋಗ ಮಾಡಿ ತೋರಿಸಿದವರು ಥಾಮಸ್ ಆಸ್ಬರ್ನ್ ಮತ್ತು ಲಫಾಯೆಟ್ ಮೆಂಡೆಲ್, ಅಮೆರಿಕದ ಕನೆಕ್ಟಿಕಟ್‌ನಲ್ಲಿ, 1914ರ ಸುಮಾರಿಗೆ. ಮೆಕ್ಕೆಜೋಳದಲ್ಲಿ ಜೀನ್ ಅಂತ ಒಂದು ಪ್ರೊಟೀನ್ ಇದೆ, ನಮ್ಮ ವಂಶವಾಹಿ ಜೀನ್ ಅಲ್ಲ, ಇದು ಬೇರೆ. ಎಳೆ ಇಲಿಗಳಿಗೆ ಪ್ರೊಟೀನ್ ಅಂತ ಅದೊಂದನ್ನೇ ಕೊಟ್ರು. ಇಲಿಗಳು ಸೊರಗಿದವು. ಅದಕ್ಕೆ ಟ್ರಿಪ್ಟೊಫಾನ್ ಸೇರಿಸಿದ್ರು. ಸೊರಗೋದು ನಿಂತಿತು, ಬೆಳವಣಿಗೆ ಮಾತ್ರ ಇಲ್ಲ. ಮೇಲೆ ಲೈಸಿನ್ ಕೂಡ ಸೇರಿಸಿದ್ರು, ಇಲಿ ಬೆಳೆಯೋಕೆ ಶುರುವಾಯ್ತು. ನೂರು ವರ್ಷ ದಾಟಿದ ಪ್ರಯೋಗ. ನನ್ನ ಕಂಪ್ಯೂಟರ್‌ನಲ್ಲಿ ಇವತ್ತು ಓಡೋ ಲೆಕ್ಕದ ಅಸ್ತಿವಾರ ಅದೇ.

ನಮ್ಮ ಕಡೆ ಬ್ರಾಯ್ಲರ್ ಮೇವಿನ ಬಹುಪಾಲು ಎರಡೇ ಪದಾರ್ಥ. ಒಂದು ಮೆಕ್ಕೆಜೋಳ. ದಾವಣಗೆರೆ, ಹಾವೇರಿ ಕಡೆ ರಸ್ತೆ ಮೇಲೆ ಒಣಗೋಕೆ ಹಾಕಿರ್ತಾರಲ್ಲ, ಅದೇ. ಇನ್ನೊಂದು ಎಣ್ಣೆ ತೆಗೆದ ಮೇಲೆ ಉಳಿಯೋ ಸೋಯಾ ಹಿಂಡಿ. ಜೋಳದಲ್ಲಿ ಲೈಸಿನ್ ಕಡಿಮೆ, ಸೋಯಾದಲ್ಲಿ ಧಾರಾಳ. ಸೋಯಾದಲ್ಲಿ ಕಡಿಮೆ ಇರೋದು ಮೆಥಿಯೊನಿನ್. ಒಂದರ ಕೊರತೆಯನ್ನ ಇನ್ನೊಂದು ಮುಚ್ಚುತ್ತೆ. ಎಲ್ಲೋ ಕೇಳಿದ ಹಾಗಿದೆಯಲ್ವಾ? ಅನ್ನ–ಬೇಳೆಸಾರು ಇದೇ ಲೆಕ್ಕ. ಇಡ್ಲಿಗೆ ಅಕ್ಕಿ ಜೊತೆ ಉದ್ದು, ಮುದ್ದೆ ಜೊತೆ ಹುರುಳಿ ಸಾರು, ಬಿಸಿಬೇಳೆಬಾತ್, ಎಲ್ಲ ಇದೇ. ಕಾಳು ಮತ್ತು ಧಾನ್ಯ ಒಟ್ಟಿಗೆ ಉಣ್ಣಬೇಕು ಅಂತ ನಮ್ಮ ಅಜ್ಜಿಯರಿಗೆ ಯಾವ ಕನೆಕ್ಟಿಕಟ್ಟೂ ಹೇಳಿಕೊಡಲಿಲ್ಲ.

ಆದ್ರೆ ಅನ್ನ–ಸಾರಿನಿಂದ ನಾವು ಹದಿನೆಂಟು ವರ್ಷ ತಗೊಂಡು ಬೆಳೀತೀವಿ. ಬ್ರಾಯ್ಲರ್‌ಗೆ ಇರೋದು ಆರು ವಾರ. ಜೋಳ–ಸೋಯಾ ಎಷ್ಟೇ ಹದವಾಗಿ ಬೆರೆಸಿದ್ರೂ ಮೊದಲು ಖಾಲಿಯಾಗೋ ಹೂವು ಮೆಥಿಯೊನಿನ್. ಅದನ್ನ ತುಂಬಿಕೊಟ್ರೆ ಮುಂದೆ ಸಾಮಾನ್ಯವಾಗಿ ಲೈಸಿನ್, ಅದಾದ ಮೇಲೆ ಥ್ರಿಯೊನಿನ್. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಕೊಟ್ಟ ಪಟ್ಟಿ ಪ್ರಕಾರ ಮೊದಲ ಮೂರು ವಾರದ ಮೇವಲ್ಲಿ ಮೆಥಿಯೊನಿನ್ 0.5 ಶೇಕಡಾ ಇರಬೇಕು, ಲೈಸಿನ್ 1.1. ಈಗಿನ ತಳಿಗಳಿಗೆ ಕಂಪನಿಗಳು ಇದಕ್ಕಿಂತ ಜಾಸ್ತಿಯನ್ನೇ ಹೇಳ್ತಾವೆ. 0.5 ಶೇಕಡಾ ಅಂದ್ರೆ 50 ಕಿಲೋ ಚೀಲದಲ್ಲಿ ಕಾಲು ಕಿಲೋ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜೋಳ–ಸೋಯಾದಿಂದಲೇ ಬರುತ್ತೆ. ಉಳಿದ ನೂರು ಗ್ರಾಂ ಆಸುಪಾಸಿನಷ್ಟನ್ನ ಬಿಳಿ ಪುಡಿಯಾಗಿ ಹಾಕ್ತೀವಿ. ಒಂದು ಲೋಟದಷ್ಟು. ಇಂಜೆಕ್ಷನ್ ಹುಡುಕೋರಿಗೆ ನಾನು ತೋರಿಸೋದು ಈ ಲೋಟವನ್ನ.

ಈ ಒಂದು ಲೋಟ ತಪ್ಪಿದ್ರೆ ಏನಾಗುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು.

ಮೆಥಿಯೊನಿನ್‌ನಲ್ಲಿ ಗಂಧಕ ಇದೆ. ಪುಕ್ಕ ಅಂದ್ರೆ ಕೆರಟಿನ್, ಅದಕ್ಕೆ ಬೇಕಾದ ಸಿಸ್ಟಿನ್‌ನಲ್ಲೂ ಗಂಧಕ. ಕೋಳಿ ಮೆಥಿಯೊನಿನ್‌ನಿಂದ ಸಿಸ್ಟಿನ್ ಮಾಡ್ಕೊಳ್ಳುತ್ತೆ, ಉಲ್ಟಾ ಮಾಡೋಕೆ ಬರಲ್ಲ. ಹಾಗಾಗಿ ಕೊರತೆ ಬಂದಾಗ ಕಣ್ಣಿಗೆ ಬೀಳೋ ಗುರುತು ಪುಕ್ಕ. ಬೆನ್ನು ಬೋಳುಬೋಳು, ಗರಿ ಕೆದರಿದ ಹಾಗೆ. ಒಂದಕ್ಕೊಂದು ಕುಕ್ಕೋದು, ಕೆಳಗೆ ಬಿದ್ದ ಪುಕ್ಕವನ್ನೇ ತಿನ್ನೋದು. ತೂಕ ಎಲ್ಲಕ್ಕೂ ಒಂದೇ ಸಮ ಬರಲ್ಲ, ಒಂದು ದಪ್ಪ, ಪಕ್ಕದ್ದು ಚಿಕ್ಕದು.

ಇನ್ನೊಂದು ವಿಚಿತ್ರ ಇದೆ. ಕೊರತೆ ಅಲ್ಪಸ್ವಲ್ಪ ಇದ್ರೆ ಕೋಳಿ ಮೇವನ್ನ ಜಾಸ್ತಿ ತಿನ್ನುತ್ತೆ! ಕನಕಾಂಬರ ಹುಡುಕ್ತಾ ಬುಟ್ಟಿ ಮೇಲೆ ಬುಟ್ಟಿ ಸುರಿದ ಹಾಗೆ. ತಿಂದ ಜೋಳದ ಶಕ್ತಿ ಎಲ್ಲಿಗೆ ಹೋಗ್ಬೇಕು? ಹೊಟ್ಟೆ ಕೆಳಗೆ ಹಳದಿ ಕೊಬ್ಬಾಗಿ ಕೂರುತ್ತೆ. ಅಂಗಡಿಯಲ್ಲಿ ಕೋಳಿ ಸೀಳಿದಾಗ ಕೈತುಂಬ ಕೊಬ್ಬು ಬರುತ್ತಲ್ಲ, ಅದಕ್ಕೆ ಕಾರಣ ಬೇರೆಯೂ ಇರಬಹುದು, ಇದೂ ಒಂದು. ಕೊರತೆ ಮಿತಿಮೀರಿದ್ರೆ ಮಾತ್ರ ಮೇವು ಬಿಡುತ್ತೆ. ಲೈಸಿನ್ ಕಡಿಮೆಯಾದ್ರೆ ಪೆಟ್ಟು ಬೀಳೋದು ಎದೆಮಾಂಸಕ್ಕೆ. ನೀವು ಬೋನ್‌ಲೆಸ್ ಅಂತ ಆರ್ಡರ್ ಮಾಡೋ ಭಾಗಕ್ಕೆ.

ಈಗ ಇದನ್ನ ದುಡ್ಡಿಗೆ ತಿರುಗಿಸೋಣ. ನಮ್ಮಲ್ಲಿ ಬ್ರಾಯ್ಲರ್ ಸಾಕೋ ರೈತರಲ್ಲಿ ತುಂಬ ಜನ ಕಂಪನಿ ಜೊತೆ ಒಪ್ಪಂದದಲ್ಲಿ ಇದ್ದಾರೆ. ಮರಿ, ಫೀಡ್, ಔಷಧಿ ಕಂಪನಿದು. ಶೆಡ್ಡು, ಕರೆಂಟು, ನೀರು, ನೆಲಕ್ಕೆ ಹಾಸೋ ಭತ್ತದ ಹೊಟ್ಟು, ಹಗಲುರಾತ್ರಿ ಮೈ ಬಗ್ಗಿಸೋದು ರೈತಂದು. ಕೊನೆಗೆ ಕಿಲೋ ಲೆಕ್ಕದಲ್ಲಿ ಸಾಕಣೆ ಹಣ. ಆ ಹಣ ಎಷ್ಟು ಅನ್ನೋದನ್ನ ನಿರ್ಧರಿಸೋ ದೊಡ್ಡ ಅಂಶ ಎಫ್‌ಸಿಆರ್, ಅಂದ್ರೆ ಒಂದು ಕಿಲೋ ಕೋಳಿಗೆ ಎಷ್ಟು ಕಿಲೋ ಮೇವು ಖರ್ಚಾಯ್ತು ಅನ್ನೋದು. ಐದು ಸಾವಿರ ಕೋಳಿ, ತಲಾ ಎರಡು ಕಿಲೋ, ಒಟ್ಟು ಹತ್ತು ಸಾವಿರ ಕಿಲೋ ಅಂದ್ಕೊಳ್ಳಿ. ಎಫ್‌ಸಿಆರ್ 1.6 ಬಂದ್ರೆ 16 ಸಾವಿರ ಕಿಲೋ ಮೇವು. 1.7 ಬಂದ್ರೆ 17 ಸಾವಿರ. ದಶಮಾಂಶದ ಆಚೆಗಿನ ಒಂದೇ ಒಂದು ಅಂಕಿ, ಇಪ್ಪತ್ತು ಚೀಲ ಮೇವು ಜಾಸ್ತಿ. ಒಪ್ಪಂದದ ಪ್ರಕಾರ ಅದರ ಪೆಟ್ಟು ರೈತನ ಹಣಕ್ಕೂ ಬೀಳುತ್ತೆ.

ಕೋಲಾರದ ಕಡೆಯ ಒಬ್ಬ ರೈತರು ಕೆಲವು ವರ್ಷದ ಹಿಂದೆ ನನಗೆ ಫೋನ್ ಮಾಡಿದ್ರು, ಪರಿಚಯದವರ ಮೂಲಕ. ‘ಮೇಡಂ, ಹದಿನೆಂಟು ದಿನ ಆಯ್ತು, ಕೋಳಿಗೆ ಪುಕ್ಕ ಬರ್ತಿಲ್ಲ, ಒಂದನ್ನೊಂದು ಕುಕ್ಕಿ ತಿಂತಾವೆ. ಸೂಪರ್‌ವೈಸರ್ ಬಂದು ನಿಮ್ಮ ಶೆಡ್ಡಲ್ಲಿ ಗಾಳಿ ಆಡ್ತಿಲ್ಲ ಅಂತ ಬರ್ಕೊಂಡು ಹೋದ್ರು’ ಅಂದ್ರು. ನಾನು ಹೋಗಿ ನೋಡ್ದೆ. ಗಾಳಿ ಚೆನ್ನಾಗೇ ಇತ್ತು. ಪರದೆ ಇಳಿಸಿ, ಹೊಟ್ಟು ಕೆದಕಿ, ಮನೆ ಹಾಗೆ ಇಟ್ಟಿದ್ರು ಶೆಡ್ಡನ್ನ. ಆ ಮನುಷ್ಯ ಒಂದು ಜಾಣ ಕೆಲಸ ಮಾಡಿದ್ರು. ಪ್ರತಿ ಲೋಡ್ ಫೀಡ್ ಬಂದಾಗ ಅರ್ಧ ಕಿಲೋ ತೆಗೆದು, ಕವರ್‌ಗೆ ಹಾಕಿ, ತಾರೀಕು ಮತ್ತು ಚೀಲದ ಬ್ಯಾಚ್ ನಂಬರ್ ಬರೆದು ಬೀರು ಮೇಲೆ ಇಡೋದು. ಅವರಪ್ಪ ಬಿತ್ತನೆ ಬೀಜದ ಚೀಲದಿಂದ ಒಂದು ಹಿಡಿ ಎತ್ತಿಡ್ತಿದ್ರಂತೆ, ಅದೇ ಅಭ್ಯಾಸ.

ಆ ಕವರನ್ನ ಲ್ಯಾಬ್‌ಗೆ ಕಳಿಸಿದ್ವಿ. ಪ್ರೊಟೀನ್ ಸರಿಯಾಗೇ ಇತ್ತು, ಚೀಲದ ಮೇಲೆ ಬರೆದಷ್ಟೇ. ಮೆಥಿಯೊನಿನ್ ಮಾತ್ರ ಇರಬೇಕಾದ್ದಕ್ಕಿಂತ ಬಹಳ ಕೆಳಗೆ. ಆ ಫೀಡ್ ಮಿಲ್‌ನಲ್ಲಿ ಸಣ್ಣ ಪ್ರಮಾಣದ ಪುಡಿಗಳನ್ನ ಬೀಳಿಸೋ ಯಂತ್ರ ಕಟ್ಟಿಕೊಂಡು, ಆ ದಿನದ ಮಾಲಿಗೆ ಪುಡಿ ಸರಿಯಾಗಿ ಬಿದ್ದಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಹೆಸರು ಬೇಡ. ರಿಪೋರ್ಟ್ ಹಿಡ್ಕೊಂಡು ಹೋಗಿದ್ದಕ್ಕೆ ಅವರ ಹಣದಲ್ಲಿ ಆದ ಕಡಿತವನ್ನ ವಾಪಸ್ ಕೊಟ್ರು. ಅದೇ ಲೋಡ್ ಫೀಡ್ ಸುತ್ತಮುತ್ತಲ ಇನ್ನೂ ಎಷ್ಟು ಶೆಡ್ಡಿಗೆ ಹೋಗಿತ್ತೋ. ಅವರ್ಯಾರ ಬೀರು ಮೇಲೂ ಕವರ್ ಇರಲಿಲ್ಲ. ಅವರೆಲ್ಲರ ಕಾಗದದಲ್ಲೂ ‘ನಿರ್ವಹಣೆ ಸರಿಯಿಲ್ಲ’ ಅಂತಲೇ ಉಳಿದಿರುತ್ತೆ.

ನನಗೆ ಸಿಟ್ಟು ಬರೋದು ಇಲ್ಲಿ. ರೈತನ ಕಣ್ಣಿಗೆ ಚೀಲದ ಮೇಲೆ ದಪ್ಪಗೆ ಕಾಣೋದು ‘ಕ್ರೂಡ್ ಪ್ರೊಟೀನ್’ ಅನ್ನೋ ಒಂದು ಅಂಕಿ. ಅದನ್ನ ಅಳೆಯೋದು ಹೇಗೆ ಗೊತ್ತಾ? ಮೇವಲ್ಲಿರೋ ಸಾರಜನಕ ಎಷ್ಟು ಅಂತ ನೋಡಿ 6.25ರಿಂದ ಗುಣಿಸ್ತಾರೆ, ಅಷ್ಟೇ. ಸಾರಜನಕ ಎಲ್ಲಿಂದ ಬಂತು ಅಂತ ಆ ಲೆಕ್ಕ ಕೇಳಲ್ಲ. ಯೂರಿಯಾ ಬೆರೆಸಿದ್ರೂ ‘ಪ್ರೊಟೀನ್’ ಏರುತ್ತೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮಿನ್ ಬೆರೆಸಿದ ಹಗರಣ ನೆನಪಿರಬಹುದು, ಅಲ್ಲಿ ಮೋಸ ಮಾಡಿದ್ದು ಇದೇ ಪರೀಕ್ಷೆಯನ್ನ. ಮೋಸವೇ ಇಲ್ಲದಿದ್ರೂ ಈ ಅಂಕಿ ದಾರಿ ತಪ್ಪಿಸುತ್ತೆ. ಕೋಳಿ ಪುಕ್ಕವನ್ನ ಬೇಯಿಸಿ ಪುಡಿ ಮಾಡಿದ್ರೆ ಅದರಲ್ಲಿ 80 ಶೇಕಡಾಕ್ಕೂ ಜಾಸ್ತಿ ಪ್ರೊಟೀನ್. ಸೋಯಾ ಹಿಂಡಿಯಲ್ಲಿ ಸುಮಾರು 45. ಅಂಕಿ ನೋಡಿದ್ರೆ ಪುಕ್ಕದ ಪುಡಿಯೇ ಗೆಲ್ಲಬೇಕು. ಲೈಸಿನ್ ಅದರಲ್ಲಿ ತೀರಾ ಕಡಿಮೆ, ಅರಗೋದೂ ಕಷ್ಟ.

ಅರಗೋದು ಅಂದೆನಲ್ಲ, ಅದೂ ಒಂದು ಮುಖ್ಯ ವಿಷಯ. ಹಸಿ ಸೋಯಾದಲ್ಲಿ ಪ್ರೊಟೀನ್ ಅರಗೋಕೆ ಅಡ್ಡಿ ಮಾಡೋ ಅಂಶ ಇದೆ, ಅದಕ್ಕೇ ಅದನ್ನ ಬಿಸಿ ಮಾಡಬೇಕು. ಅತಿಯಾಗಿ ಬಿಸಿ ಮಾಡಿದ್ರೆ ಲೈಸಿನ್ ಹೋಗಿ ಸಕ್ಕರೆ ಅಂಶಕ್ಕೆ ಅಂಟಿಕೊಳ್ಳುತ್ತೆ. ಬ್ರೆಡ್ಡಿನ ಮೇಲ್ಪದರ, ಚಪಾತಿ ಮೇಲಿನ ಕಂದು ಮಚ್ಚೆ ಇವೆಯಲ್ಲ, ಅದೇ ಕ್ರಿಯೆ. ನಮಗೆ ರುಚಿ, ಕೋಳಿಗೆ ನಷ್ಟ. ಅದಕ್ಕೇ ನಾವೀಗ ಮೇವಲ್ಲಿ ಒಟ್ಟು ಲೈಸಿನ್ ಎಷ್ಟಿದೆ ಅಂತ ನೋಡಿ ಸುಮ್ಮನಾಗಲ್ಲ. ಅರಗೋ ಲೈಸಿನ್ ಎಷ್ಟು ಅಂತ ಲೆಕ್ಕ ಹಾಕ್ತೀವಿ. ಹಿಂಡಿಯ ಬಣ್ಣ ಕಡು ಕಂದಾಗಿದ್ರೆ ನಮ್ಮಲ್ಲಿ ಹಳೇ ಕೈಗಳು ಮೂಸಿ ನೋಡಿಯೇ ಹೇಳಿಬಿಡ್ತಾರೆ, ಇದು ಸುಟ್ಟಿದೆ ಅಂತ.

ಹಾಗಾದ್ರೆ ತಲೆನೋವು ಯಾಕೆ, ಎಲ್ಲಾ ಹೂವನ್ನೂ ಜಾಸ್ತಿ ಜಾಸ್ತಿ ಸುರಿದುಬಿಡೋಣ ಅನ್ನಬಹುದು. ಬಹಳ ಕಾಲ ಮಾಡ್ತಿದ್ದದ್ದೂ ಅದನ್ನೇ. ಪ್ರೊಟೀನ್ ಏರಿಸು, ಕೊರತೆ ಇರೋದು ತಾನಾಗೇ ತುಂಬುತ್ತೆ ಅಂತ. ಆದ್ರೆ ಮಿಕ್ಕ ಹೂವನ್ನ ಎಸೆಯೋಕೂ ಖರ್ಚಿದೆ. ನಾವು ಮಿಕ್ಕ ಸಾರಜನಕವನ್ನ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸ್ತೀವಿ. ಹಕ್ಕಿಗಳು ಅದನ್ನ ಯೂರಿಕ್ ಆಮ್ಲ ಮಾಡಿ ಕಳಿಸ್ತಾವೆ. ಕೋಳಿ ಹಿಕ್ಕೆ ಮೇಲೆ ಬಿಳಿ ಸುಣ್ಣದ ಹಾಗೆ ಕಾಣುತ್ತಲ್ಲ, ಅದು. ಒಂದೊಂದು ಯೂರಿಕ್ ಆಮ್ಲದ ಕಣ ಕಟ್ಟೋಕೂ ಗ್ಲೈಸಿನ್ ಅನ್ನೋ ಅಮೈನೊ ಆಮ್ಲ ಒಂದು ಖರ್ಚಾಗುತ್ತೆ. ಕಸ ಎಸೆಯೋಕೆ ಮನೆ ಚೀಲವನ್ನೇ ಹರಿದ ಹಾಗೆ.

ಆ ಬಿಳಿ ಪದರ ಶೆಡ್ಡಿನ ಹೊಟ್ಟಿಗೆ ಬಿದ್ದ ಮೇಲೆ ಬ್ಯಾಕ್ಟೀರಿಯಾ ಅದನ್ನ ಅಮೋನಿಯಾ ಮಾಡ್ತಾವೆ. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದ್ರೆ ಕಣ್ಣು ಉರಿಯೋದು ಅದರಿಂದಲೇ. ಪ್ರೊಟೀನ್ ಜಾಸ್ತಿಯಾದ್ರೆ ಕೋಳಿ ನೀರೂ ಜಾಸ್ತಿ ಕುಡಿಯುತ್ತೆ, ಹೊಟ್ಟು ಒದ್ದೆಯಾಗುತ್ತೆ, ಕಾಲಡಿ ಹುಣ್ಣಾಗುತ್ತೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಇನ್ನೊಂದು ಕಷ್ಟ: ಮಿಕ್ಕ ಪ್ರೊಟೀನ್ ಕರಗಿಸೋವಾಗ ಮೈಯೊಳಗೆ ಶಾಖ ಹುಟ್ಟುತ್ತೆ, ಕೋಳಿಗೆ ಬೆವರೋಕೆ ಬರಲ್ಲ, ಬಾಯಿ ತೆರೆದು ಏದುಸಿರು ಬಿಡಬೇಕು. ಫಾರಂ ಪಕ್ಕದ ಊರಿನವರು ವಾಸನೆ ಅಂತ ಪಂಚಾಯ್ತಿಗೆ ದೂರು ಕೊಟ್ರೆ, ಆ ದೂರಿನಲ್ಲಿ ಸ್ವಲ್ಪ ಪಾಲು ನನ್ನಂಥವರು ಹಾಕೋ ಲೆಕ್ಕಕ್ಕೂ ಸೇರಬೇಕು.

ಇದಕ್ಕೆ ಪರಿಹಾರ ಆ ಲೋಟದಲ್ಲೇ ಇದೆ. 1994ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಬೇಕರ್ ಮತ್ತು ಹಾನ್ ಒಂದು ಅನುಪಾತ ಕೊಟ್ರು. ಲೈಸಿನ್ 100 ಅಂತ ಇಟ್ಕೊಂಡ್ರೆ ಮೆಥಿಯೊನಿನ್–ಸಿಸ್ಟಿನ್ ಸೇರಿ 72, ಥ್ರಿಯೊನಿನ್ 67, ವ್ಯಾಲಿನ್ 77, ಹೀಗೆ. ಹೂ ಕಟ್ಟೋ ವರಸೆಯನ್ನೇ ಅಂಕಿಯಲ್ಲಿ ಬರೆದ ಹಾಗೆ. ಸೋಯಾ ಸ್ವಲ್ಪ ಕಡಿಮೆ ಮಾಡಿ, ಕೊರತೆ ಬೀಳೋ ಮೂರ್ನಾಲ್ಕನ್ನ ಮಾತ್ರ ಪುಡಿಯಾಗಿ ಕೊಟ್ರೆ, ಕೋಳಿ ಅಷ್ಟೇ ಬೆಳೆಯುತ್ತೆ, ಎಸೆಯೋದು ಕಡಿಮೆಯಾಗುತ್ತೆ. ಮೇವಿನ ಪ್ರೊಟೀನ್ ಒಂದು ಅಂಕ ಇಳಿಸಿದ್ರೆ ಹಿಕ್ಕೆಯಲ್ಲಿ ಹೋಗೋ ಸಾರಜನಕ ಸುಮಾರು ಹತ್ತು ಶೇಕಡಾ ಇಳಿಯುತ್ತೆ ಅನ್ನೋದು ನಮ್ಮ ಕಸುಬಿನ ಅಂದಾಜು ಲೆಕ್ಕ.

ಸೋಯಾ ಕಡಿಮೆ ಮಾಡೋದು ಜೇಬಿಗೂ ಬೇಕು. 2021ರಲ್ಲಿ ಸೋಯಾ ಹಿಂಡಿ ಬೆಲೆ ಹೇಗೆ ಹಾರಿತು ಅಂದ್ರೆ, ಆ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಸೋಯಾದ ಹಿಂಡಿಯನ್ನೇ 12 ಲಕ್ಷ ಟನ್ ತರಿಸ್ಕೊಳ್ಳೋಕೆ ಒಪ್ಪಿಗೆ ಕೊಡಬೇಕಾಯ್ತು. ಚಿಕನ್ ರೇಟ್ ಏರಿದಾಗ ಅಂಗಡಿಯವನನ್ನ ಬೈತೀವಿ, ಕಾರಣ ಎಷ್ಟೋ ಸಲ ಸೋಯಾ ಮಂಡಿಯಲ್ಲಿ ಇರುತ್ತೆ.

ಪುಡಿ ಬರೋದು ಎಲ್ಲಿಂದ ಅಂತಲೂ ಹೇಳ್ಬಿಡ್ತೀನಿ, ಇದರಲ್ಲಿ ಒಂದು ಸಿನಿಮಾ ಇದೆ. ಮೆಥಿಯೊನಿನ್ ಬಹುಪಾಲು ರಾಸಾಯನಿಕ ಕಾರ್ಖಾನೆಯದು. ಲೈಸಿನ್ ಮಾಡೋದು ಬ್ಯಾಕ್ಟೀರಿಯಾ, ದೋಸೆ ಹಿಟ್ಟು ಹುದುಗಿದ ಹಾಗೆ ದೊಡ್ಡ ದೊಡ್ಡ ಟ್ಯಾಂಕ್‌ಗಳಲ್ಲಿ ಸಕ್ಕರೆ ತಿಂದು. 1950ರ ದಶಕದಲ್ಲಿ ಜಪಾನಿನವರು ಕಂಡುಕೊಂಡ ದಾರಿ ಅದು. 1990ರ ದಶಕದಲ್ಲಿ ಜಗತ್ತಿಗೆಲ್ಲ ಲೈಸಿನ್ ಮಾರ್ತಿದ್ದ ಬೆರಳೆಣಿಕೆ ಕಂಪನಿಗಳು ಹೋಟೆಲ್ ರೂಮುಗಳಲ್ಲಿ ಗುಟ್ಟಾಗಿ ಸೇರಿ ಬೆಲೆ ನಿಗದಿ ಮಾಡ್ತಿದ್ವು. ಅಮೆರಿಕದ ಎಡಿಎಂ ಕಂಪನಿಯ ಒಳಗಿನವನೇ ಆದ ಮಾರ್ಕ್ ವಿಟೇಕರ್ ಎಫ್‌ಬಿಐಗೆ ಅದನ್ನೆಲ್ಲ ರೆಕಾರ್ಡ್ ಮಾಡಿಕೊಟ್ಟ. 1996ರಲ್ಲಿ ಎಡಿಎಂ ತಪ್ಪೊಪ್ಪಿಕೊಂಡು ಹತ್ತು ಕೋಟಿ ಡಾಲರ್ ದಂಡ ಕಟ್ಟಿತು, ಲೈಸಿನ್ ಮತ್ತು ಸಿಟ್ರಿಕ್ ಆಮ್ಲ ಎರಡರ ಲೆಕ್ಕಕ್ಕೆ. 2009ರ ‘ದಿ ಇನ್ಫಾರ್ಮಂಟ್!’ ಸಿನಿಮಾದಲ್ಲಿ ಮ್ಯಾಟ್ ಡೇಮನ್ ಮಾಡಿರೋದು ಈ ವಿಟೇಕರ್ ಪಾತ್ರವನ್ನೇ. ಕೋಳಿ ಮೇವಿನ ಪುಡಿ ಮೇಲೆ ಹಾಲಿವುಡ್ ಸಿನಿಮಾ ಇದೆ ಅಂದ್ರೆ ನನ್ನ ಕೆಲಸಕ್ಕೆ ಮನೆಯಲ್ಲಿ ಸ್ವಲ್ಪ ಮರ್ಯಾದೆ ಸಿಗುತ್ತೆ, ಅದಕ್ಕೇ ಹೇಳ್ದೆ.

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದ್ರೆ ಬ್ರಾಯ್ಲರ್‌ನಲ್ಲಿ ಏನೂ ತೊಂದರೆ ಇಲ್ವಾ’ ಅಂತ ಕೇಳಿದ್ರೆ, ಇದೆ. ಎದೆಮಾಂಸ ಅತಿ ಬೇಗ ಬೆಳೆದಾಗ ಅದು ಮರದ ಹಾಗೆ ಗಟ್ಟಿಯಾಗೋದು, ಬಿಳಿ ಗೀರು ಬೀಳೋದು ಕಾಣ್ತಿದೆ. ಮೈಭಾರಕ್ಕೆ ಕಾಲು ಸೋಲೋ ಕೋಳಿಗಳಿವೆ. ಲೈಸಿನ್ ಸುರಿದು ಬೆಳವಣಿಗೆಯನ್ನ ಇನ್ನೂ ಹಿಂಡೋದು ಜಾಣತನ ಅಂತ ನನಗೆ ಅನಿಸಲ್ಲ. ಇನ್ನೊಂದು ಆ್ಯಂಟಿಬಯೋಟಿಕ್. ಕೊಲಿಸ್ಟಿನ್ ಅನ್ನೋದು ಬೇರೆ ಯಾವ ಔಷಧಿಯೂ ನಾಟದಿದ್ದಾಗ ಮನುಷ್ಯರಿಗೆ ಕೊಡೋ ಕೊನೆಯ ಅಸ್ತ್ರ. ಆಹಾರಕ್ಕಾಗಿ ಸಾಕೋ ಪ್ರಾಣಿಗಳಿಗೆ ಅದನ್ನ ಕೊಡೋ ಹಾಗಿಲ್ಲ ಅಂತ 2019ರ ಜುಲೈನಲ್ಲಿ ಕೇಂದ್ರ ನಿಷೇಧಿಸಿತು. ಅಂದ್ರೆ ಅಲ್ಲಿವರೆಗೂ ಬಳಕೆ ಇತ್ತು ಅಂತ ಅರ್ಥ. ಇಂಜೆಕ್ಷನ್ ಹುಡುಕೋ ಬದಲು ಅಂಗಡಿಯಲ್ಲಿ, ಕಂಪನಿಗೆ ಮೇಲ್‌ನಲ್ಲಿ ಈ ಪ್ರಶ್ನೆ ಕೇಳಿ: ಆ್ಯಂಟಿಬಯೋಟಿಕ್ ಯಾವುದು ಕೊಟ್ರಿ, ಎಷ್ಟು ದಿನದ ಹಿಂದೆ ನಿಲ್ಲಿಸಿದ್ರಿ?

ಫಾರಂ ಮಾಡ್ತಿರೋ ಮನೆಯವರು ಯಾರಾದ್ರೂ ಕೇಳ್ತಿದ್ರೆ, ನೀವು ಕೇಳಬೇಕಾದ್ದು ಬೇರೆ. ಬಿಐಎಸ್‌ನ ಕೋಳಿ ಮೇವಿನ ಮಾನದಂಡದಲ್ಲಿ ಲೈಸಿನ್, ಮೆಥಿಯೊನಿನ್ ಕನಿಷ್ಠ ಎಷ್ಟಿರಬೇಕು ಅಂತ ಇದೆ. ನಿಮ್ಮ ಲೋಡಿನದು ಎಷ್ಟು ಅಂತ ಬರೆದುಕೊಡಿ ಅಂತ ಸೂಪರ್‌ವೈಸರ್‌ನ ಕೇಳಿ. ಕೊಡದಿದ್ರೂ ಕೇಳಿದ್ದು ಅವರ ಕಿವಿಗೆ ಬೀಳಲಿ. ಮತ್ತೆ ಆ ಅರ್ಧ ಕಿಲೋ ಕವರು, ತಾರೀಕು, ಬ್ಯಾಚ್ ನಂಬರ್. ಒಣ ಜಾಗದಲ್ಲಿ ಇಡಿ, ಬ್ಯಾಚಿನ ಹಣ ಕೈಗೆ ಬರೋವರೆಗೂ ಬಿಸಾಡಬೇಡಿ.

ಕೊನೆಗೆ ಒಂದು ಪ್ರಶ್ನೆ, ತುಂಬ ಜನ ಕಳಿಸಿರೋದು. ‘ಮನೇಲಿ ನಾಲ್ಕು ಕೋಳಿ ಸಾಕ್ತೀವಿ, ಗಿರಿರಾಜ ತಂದಿದ್ದೀವಿ. ಅಕ್ಕಿ ನುಚ್ಚು, ಜೋಳ ಹಾಕಿದ್ರೂ ಬೆಳೀತಿಲ್ಲ, ಏನು ಮಾಡೋದು?’ ನುಚ್ಚು, ಜೋಳ ಎರಡೂ ಧಾನ್ಯವೇ. ಮಲ್ಲಿಗೆಗೆ ಮಲ್ಲಿಗೆ ಸೇರಿಸಿದ ಹಾಗಾಯ್ತು. ಗೂಡಲ್ಲೇ ಕೂಡಿಹಾಕಿದ್ದೀರಾ? ಹಾಗಿದ್ರೆ ಸೋಯಾ ಹಿಂಡಿಯನ್ನೋ ಕಡಲೆಕಾಯಿ ಹಿಂಡಿಯನ್ನೋ ಬೆರೆಸಿ, ಒಣಮೀನಿನ ಪುಡಿ ಸಿಕ್ಕರೆ ಇನ್ನೂ ಒಳ್ಳೇದು, ಅದರಲ್ಲಿ ಲೈಸಿನ್ನೂ ಇದೆ, ಮೆಥಿಯೊನಿನ್ನೂ ಇದೆ. ಉಪ್ಪು ಜಾಸ್ತಿ ಇರೋ ಮೀನು ಬೇಡ. ಇಲ್ಲಾಂದ್ರೆ ಬೆಳಗ್ಗೆ ಬಾಗಿಲು ತೆಗೆದು ಬಿಡಿ. ಕೋಳಿ ತಿಪ್ಪೆ ಕೆದಕೋದನ್ನ ನಾವು ಬೈಗುಳದಲ್ಲಿ ಬಳಸ್ತೀವಿ. ಅದು ಅಲ್ಲಿ ಹುಡುಕೋದು ಹುಳ, ಗೆದ್ದಲು. ಜೋಳದಲ್ಲಿ ಸಾಲದ ಆ ಎರಡು ಹೂವು ಇರೋದು ಅಲ್ಲೇ. ಮರಿ ಇದ್ರೆ ಹದ್ದು, ಮುಂಗುಸಿ ಕಡೆ ಒಂದು ಕಣ್ಣಿಡಿ.